ತೋಳ ಒಲ್ಲದ ಎಣ್ಣೆ

"ಗುರುಗಳೇ, ಎಷ್ಟು ತಿಕ್ಕಿದರೂ ಹೋಗದ ದೋಷವನ್ನು ಏನು ಮಾಡಬೇಕು?" ಎಂದು ಮುರಿಗಯ್ಯ ಕೇಳಿದ.

ಅವನು ಮಠದ ದಾಸೋಹದಲ್ಲಿ ಬಡಿಸುವವನು. ನಾಲಗೆ ಮಹಾ ಒರಟು. ಹಿಂದಿನ ದಿನ ಒಬ್ಬ ಮುದುಕಿ ಅವನ ಮಾತಿಗೆ ನೊಂದು ಉಣ್ಣದೆ ಎದ್ದು ಹೋಗಿದ್ದಳು. ಮೌನವ್ರತ, ಉಪವಾಸ ಎಲ್ಲ ಮಾಡಿ ನೋಡಿದ್ದ. ಬಾಯಿ ಮಾತ್ರ ಹಾಗೇ ಇತ್ತು. ಮಠ ಬಿಡುವುದೆಂದು ಗಂಟು ಕಟ್ಟಿಯೇ ಬಂದಿದ್ದ.

ಗುರುಗಳು ಕಿಟಕಿಯಾಚೆ ನೋಡಿದರು. ಮಠದ ಕೆರೆಯಂಗಳದಲ್ಲಿ ಪಕ್ಕದೂರಿನ ಜಮೀನ್ದಾರನ ಆಳುಗಳು ಅವತ್ತೂ ತಮ್ಮ ಬೇಲಿಯನ್ನು ನಾಲ್ಕು ಮಾರು ಮುಂದಕ್ಕೆ ತಳ್ಳುತ್ತಿದ್ದರು. "ಕೂತ್ಕೋ" ಎಂದು ಕತೆ ಹೇಳಿದರು.

ಒಬ್ಬ ಬೇಟೆಗಾರನಿದ್ದ. ಕೋವಿ ಮುಟ್ಟಿದವನಲ್ಲ, ಗುಂಡಿ ತೋಡಿ ತೋಳ ಹಿಡಿಯುವುದು ಅವನ ಮನೆತನದ ಕಸುಬು. ಗುಂಡಿ ಯಾರು ಬೇಕಾದರೂ ತೋಡುತ್ತಾರೆ, ಕಷ್ಟವಿರುವುದು ಎಣ್ಣೆಯಲ್ಲಿ. ಕುರಿಯ ಕೊಬ್ಬನ್ನು ಸಣ್ಣಗೆ ಹೆಚ್ಚಿ, ಒಂದು ಬೊಗಸೆ ನೀರು ಹಾಕಿ, ಮಂದ ಉರಿಯಲ್ಲಿ ಕಾಯಿಸಬೇಕು. ತಳ ಹತ್ತಿತೋ, ಕೆಟ್ಟಿತು. ನೀರು ಆರಿ ತುಣುಕುಗಳು ಕೆಂಪಗಾದ ಮೇಲೆ ಬಟ್ಟೆಯಲ್ಲಿ ಸೋಸಿ ಗಡಿಗೆಗೆ ತುಂಬಬೇಕು. ಗುಂಡಿಯ ಮೇಲೆ ಸೊಪ್ಪು ಹರಡಿ, ನಡುವಿನ ಗೂಟಕ್ಕೆ ಆ ಎಣ್ಣೆ ಸವರಿದರೆ ತೋಳ ವಾಸನೆ ಹಿಡಿದು ಬಂದು ಬೀಳುತ್ತದೆ. ಅವನ ಅಪ್ಪನ ಎಣ್ಣೆಗೆ ತೋಳಗಳು ಹರದಾರಿ ದೂರದಿಂದ ಬರುತ್ತಿದ್ದವು.

ಮಗನ ಎಣ್ಣೆಗೆ ಒಂದೂ ಬರಲಿಲ್ಲ. ಅವನ ಅಂಗೈ ಹುಟ್ಟಿನಿಂದಲೂ ಬೆವರುತ್ತಿತ್ತು. ಬೂದಿ ಹಚ್ಚಿ ತೊಳೆದ, ತಂಗಡಿ ಸೊಪ್ಪು ಉಜ್ಜಿದ, ಕೈಗೆ ಬಟ್ಟೆ ಸುತ್ತಿಕೊಂಡ. ಬಟ್ಟೆಯೂ ಬೆವರಿತು. ಎಣ್ಣೆಯಲ್ಲಿ ಮನುಷ್ಯನ ವಾಸನೆ ಸೇರಿಯೇ ಸೇರುತ್ತಿತ್ತು. ಅವನಿಗೆ ತನ್ನ ಕೈ ಕಂಡರೇ ನಾಚಿಕೆಯಾಗುತ್ತಿತ್ತು.

ಒಂದು ದಿನ ಕುರಿಗಾಹಿಯೊಬ್ಬ ಬಂದ. "ಏಳು ಮರಿ ಹೋದ್ವು ಕಣಪ್ಪಾ. ಹುಣ್ಣಿಮೆಯೊಳಗೆ ತೋಳ ಬೀಳದಿದ್ರೆ ನಾನು ಹಟ್ಟಿ ಕಿತ್ಕೊಂಡು ಹೋಗ್ತೀನಿ. ನೀನೂ ಗುದ್ದಲಿ ಬಿಸಾಕಿ ಬೇರೆ ಕಸುಬು ನೋಡ್ಕೋ" ಎಂದ.

ಬೇಟೆಗಾರ ಇಡೀ ದಿನ ಒಲೆಯ ಮುಂದೆ ಕೂತು ಕೊಬ್ಬು ಕಾಯಿಸಿದ. ಅಷ್ಟು ತಿಳಿಯಾದ ಎಣ್ಣೆ ಅವನ ಅಪ್ಪನೂ ತೆಗೆದಿರಲಿಲ್ಲ. ಗೂಟಕ್ಕೆ ಸವರಿ ಬಂದ. ಬೆಳಿಗ್ಗೆ ಹೋಗಿ ನೋಡಿದರೆ ಗುಂಡಿ ಖಾಲಿ, ಹಟ್ಟಿಯಲ್ಲಿ ಎಂಟನೆಯ ಮರಿ ಇಲ್ಲ. ಅವನಿಗೆ ಅಳುವೇ ಬಂತು.

ಕಣ್ಣೊರೆಸಿಕೊಂಡು ನೆಲ ನೋಡಿದ. ತೋಳದ ಹೆಜ್ಜೆ ಗುಂಡಿಯಿಂದ ಹತ್ತು ಮಾರು ದೂರದಲ್ಲೇ ಪಕ್ಕಕ್ಕೆ ತಿರುಗಿತ್ತು. ದಾರಿಯಲ್ಲಿ ಗಡಿಗೆ ತುಳುಕಿ ನಾಲ್ಕು ಹನಿ ಚೆಲ್ಲಿದ್ದವು. ಅಲ್ಲಿಯೂ ಹೆಜ್ಜೆ ಬಳಸಿಕೊಂಡು ಹೋಗಿತ್ತು. ಅವನು ಬಹಳ ಹೊತ್ತು ಆ ಹೆಜ್ಜೆಗಳನ್ನೇ ನೋಡಿದ. ಆಮೇಲೆ ಒಬ್ಬನೇ ಗಹಗಹಿಸಿ ನಕ್ಕ.

ಅವತ್ತು ಎಣ್ಣೆ ಕಾಯಿಸಿ ಆರಿಸಿದವನು ಎರಡೂ ಕೈಗಳನ್ನು ಬೇಕೆಂದೇ ಗಡಿಗೆಯಲ್ಲಿ ಮೊಣಕೈವರೆಗೆ ಅದ್ದಿದ. ಹಟ್ಟಿಯ ಬೇಲಿಗೆ ಸುತ್ತಲೂ ಸವರಿದ. ಒಂದೇ ಒಂದು ಕಂಡಿ ಬಿಟ್ಟ.

"ಆ ಕಂಡೀಲಿ ಗುಂಡಿ ನೀನೇ ತೋಡು, ಸೊಪ್ಪೂ ನೀನೇ ಹಾಸು. ನಿನ್ನ ಮೈಯೆಲ್ಲ ಕುರಿ ವಾಸನೆ. ನಾನು ಆ ಕಡೆ ಕಾಲೂ ಇಡಲ್ಲ" ಎಂದು ಕುರಿಗಾಹಿಗೆ ಹೇಳಿದ.

"ಎಣ್ಣೆ ಹಚ್ಚದ ಗುಂಡಿಗೆ ತೋಳ ಬೀಳುತ್ತೇನಪ್ಪಾ?"

"ನನ್ನ ಎಣ್ಣೆ ಅಂದ್ರೆ ಏನಂದ್ಕೊಂಡೆ? ಅದೇ ಅಟ್ಟಿಸ್ಕೊಂಡು ಹೋಗಿ ಬೀಳಿಸುತ್ತೆ, ನೋಡ್ತಿರು."

ಬೆಳಗಾಗುವಷ್ಟರಲ್ಲಿ ತೋಳ ಗುಂಡಿಯಲ್ಲಿತ್ತು. ಬೇಲಿಯ ಸುತ್ತ ಮೂರು ಸುತ್ತು ಹಾಕಿ, ಎಲ್ಲಿ ಮೂಗಿಟ್ಟರೂ ಮನುಷ್ಯನ ವಾಸನೆ ಬಡಿದು, ಕೊನೆಗೆ ಆ ಒಂದೇ ಕಂಡಿಗೆ ನುಗ್ಗಿತ್ತು. ಕುರಿಗಾಹಿಗಳು ಡೊಳ್ಳು ಹೊಡೆದು ಕುಣಿದರು, ಬೇಟೆಗಾರನನ್ನು ಹೆಗಲ ಮೇಲೆ ಹೊತ್ತು ಹಟ್ಟಿಹಟ್ಟಿಗೂ ಮೆರೆಸಿದರು. ಹುಟ್ಟಿದಾಗಿನಿಂದ ಮುಚ್ಚಿಟ್ಟುಕೊಂಡಿದ್ದ ಅಂಗೈಗಳನ್ನು ಅವನು ಅವತ್ತು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದ. ಅವು ಬೆವರಿನಿಂದ ಹೊಳೆಯುತ್ತಿದ್ದವು. ಮುಂದಿನ ವರ್ಷ ಏಳು ಹಟ್ಟಿಯವರು ಅವನನ್ನೇ ಹುಡುಕಿಕೊಂಡು ಬಂದರು.

ಗುರುಗಳು ಕತೆ ಮುಗಿಸಿದರು. ಮುರಿಗಯ್ಯನಿಗೆ ಸಂತೋಷವಾಯಿತು, ಅರ್ಥವಾಗಲಿಲ್ಲ. "ಹಾಗಾದರೆ ನಾನು ನಾಳೆ ಬಡಿಸುವಾಗ ಏನು ಮಾಡಲಿ?" ಎಂದ.

ಗುರುಗಳು ಕಿಟಕಿಯತ್ತ ಕೈ ತೋರಿಸಿದರು.

"ನಾಲ್ಕು ವರ್ಷದಿಂದ ಆ ಬೇಲಿಯವರ ಹತ್ತಿರ ನಾವೆಲ್ಲ ಮೆತ್ತಗೆ ಮಾತಾಡುತ್ತಿದ್ದೇವೆ, ನಾಳೆ ಸೌಟು ನನಗೆ ಕೊಟ್ಟು ಅಲ್ಲಿಗೆ ನೀನು ಹೋಗು."

ಮುರಿಗಯ್ಯ ಕಟ್ಟಿದ್ದ ಗಂಟನ್ನು ಬಿಚ್ಚಿಟ್ಟು ಸೌಟು ತರಲು ಓಡಿದ.