ಚೆನ್ನಿಗನ ರೆಡಿಮೇಡ್ ಗೂಡು

ಊರ ಹೊರಗೊಂದು ಕೆರೆ, ಕೆರೆಯ ಏರಿಯ ಮೇಲೆ ನೀರಿನತ್ತ ಬಾಗಿಕೊಂಡ ಒಂದು ಜಾಲಿ ಮರ. ಆ ಮರದ ತುಂಬ ಗೀಜಗಗಳು. ಮಕ್ಕಳೇ, ಗೀಜಗ ಗೊತ್ತಲ್ಲ? ಗುಬ್ಬಿಯಷ್ಟು ಗಾತ್ರ, ಎಂಜಿನಿಯರಿನಷ್ಟು ಗತ್ತು. ಸೋರೆ ಬುರುಡೆಯ ಹಾಗೆ ತೂಗಾಡುವ ಗೂಡು ಹೆಣೆಯುತ್ತದಲ್ಲ, ಅದೇ.

ಮಳೆಗಾಲ ಬಂತೆಂದರೆ ಗಂಡು ಗೀಜಗದ ತಲೆ ಅರಿಶಿನ ಹಚ್ಚಿದ ಹಾಗೆ ಹಳದಿಯಾಗುತ್ತದೆ. ಮದುವೆ ಕಾಲ! ನಮ್ಮಲ್ಲಿ ಗಂಡಿನ ಕಡೆಯವರು ಹೆಣ್ಣು ನೋಡಲು ಹೋಗಿ, ಉಪ್ಪಿಟ್ಟು ಕೇಸರಿಬಾತು ಚಪ್ಪರಿಸಿ, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಎದ್ದು ಬರುತ್ತಾರೆ. ಗೀಜಗಗಳಲ್ಲಿ ಉಲ್ಟಾ. ಅಲ್ಲಿ ಹೆಣ್ಣೇ ಬಂದು ಗಂಡಿನ ಮನೆ ನೋಡುತ್ತಾಳೆ. ಅದೂ ಪೂರ್ತಿ ಮನೆಯಲ್ಲ, ಅರ್ಧ ಹೆಣೆದದ್ದು. ನೋಡಲು ಕೊಂಬೆಗೆ ನೇತುಹಾಕಿದ ಹೆಲ್ಮೆಟ್ಟಿನ ಹಾಗಿರುತ್ತದೆ. ಅವಳು ಅದರೊಳಗೆ ಕೂತು, ಎಳೆ ಜಗ್ಗಿ, ಮೂಗು ಮುರಿದು, ಆಮೇಲೆ ಒಪ್ಪಿದರೆ ಮಾತ್ರ ಗಂಡು ಉಳಿದರ್ಧ ಹೆಣೆಯಬೇಕು. ಒಪ್ಪದಿದ್ದರೆ ಭುರ್ರೆಂದು ಪಕ್ಕದ ಮನೆಗೆ. ಉಪ್ಪಿಟ್ಟಿನ ಖರ್ಚೂ ಇಲ್ಲ.

ಆ ಮರದಲ್ಲಿ ಚೆನ್ನಿಗ ಅನ್ನುವ ಒಬ್ಬ ಗಂಡು ಗೀಜಗ ಇದ್ದ. ಹೋದ ಮಳೆಗಾಲದಲ್ಲಿ ಅವನ ಮನೆ ನೋಡಿದ ಹೆಣ್ಣುಗಳೆಲ್ಲ ಮೂಗು ಮುರಿದೇ ಹೋಗಿದ್ದರು. ಈ ಸಲವೂ ಯಾರೂ ಒಪ್ಪದಿದ್ದರೆ ತಲೆಯ ಹಳದಿ ಮಾಸಿ, ಮತ್ತೊಂದು ವರ್ಷ ಒಂಟಿ ಕೊಂಬೆಯೇ ಗತಿ. ಭಯ ಇರಲಿಲ್ಲವೇ? ಇತ್ತು. ಆದರೆ ಭಯಕ್ಕಿಂತ ಸೋಮಾರಿತನ ಒಂದು ಗುಲಗಂಜಿ ಹೆಚ್ಚಿತ್ತು.

"ಕಬ್ಬಿನ ಗರಿ ಸೀಳಬೇಕು, ತರಬೇಕು, ಗಂಟು ಹಾಕಬೇಕು. ಮತ್ತೆ ಹೋಗು, ಮತ್ತೆ ಸೀಳು. ಇದೂ ಒಂದು ಬಾಳೇ, ಮಾವ?" ಎಂದು ಪಕ್ಕದ ಕೊಂಬೆಯ ಮುದಿ ಗೀಜಗ ಜೊಂಡಪ್ಪನ ಹತ್ತಿರ ಗೋಳಾಡಿದ.

"ಲೋ ಚೆನ್ನಿಗ, ಅರ್ಧ ಆಗಿದೆಯಲ್ಲೋ. ಸ್ವಲ್ಪ ಓರೆ, ಆದರೆ ಗಂಟು ಗಟ್ಟಿ. ಒಳಗೆ ಒಂದಿಷ್ಟು ಹಸಿ ಮಣ್ಣು ಮೆತ್ತು. ಗಾಳಿಗೆ ಗೂಡು ಓಲಾಡೋದಿಲ್ಲ."

"ಮಣ್ಣು ಬೇರೆ ಹೊರಬೇಕೆ? ನಾನೇನು ಕಡಜವೇ?"

ಕೆರೆಯ ಆಚೆ ದಡದಲ್ಲಿ ಹೊಸದಾಗಿ ಒಂದು ಗಾರ್ಡನ್ ಹೋಟೆಲು ತೆರೆದಿದ್ದರು. ಗಿರಾಕಿಗಳು ಫೋಟೋ ಹೊಡೆದುಕೊಳ್ಳಲಿ ಎಂದು ಅಲ್ಲಿನ ಮರಗಳಿಗೆಲ್ಲ ಪ್ಲಾಸ್ಟಿಕ್ಕಿನ ಗೀಜಗದ ಗೂಡು ತೂಗುಹಾಕಿದ್ದರು. ಒಳಗೊಂದು ಪುಟ್ಟ ದೀಪ. ಹಗಲೆಲ್ಲ ಬಿಸಿಲು ಕುಡಿದು, ಸಂಜೆಯಾದರೆ ತಾನೇ ಹತ್ತಿಕೊಳ್ಳುವಂಥದ್ದು. ಅಸಲಿ ಗೂಡುಗಳು ಎದುರು ದಡದಲ್ಲೇ ಇದ್ದವು, ನಿಜ. ಆದರೆ ಅಸಲಿ ಗೀಜಗ ಮ್ಯಾನೇಜರ್ ಹೇಳಿದ ಕಡೆ ಗೂಡು ಕಟ್ಟುವುದಿಲ್ಲವಲ್ಲ!

ಒಂದು ದಿನ ಬಿರುಗಾಳಿ ಬೀಸಿತು. ಆ ಗೂಡುಗಳಲ್ಲಿ ಒಂದು ಕಿತ್ತುಕೊಂಡು ಹಾರಿ ಬಂದು, ತನ್ನ ತಂತಿಯ ಕೊಕ್ಕೆಯ ಸಮೇತ ಚೆನ್ನಿಗನ ಕೊಂಬೆಗೇ ಸಿಕ್ಕಿಕೊಂಡಿತು.

ಚೆನ್ನಿಗ ಕುಣಿದಾಡಿಬಿಟ್ಟ. "ನೋಡು ಮಾವ, ರೆಡಿಮೇಡ್! ಬಾಗಿಲು ಸೈತ ಇದೆ! ಒಳಗೆ ಕರೆಂಟು!"

ಒಳಗೆ ಕರೆಂಟಿನ ಜೊತೆ ಒಂದು ಹಲ್ಲಿಯೂ ಇತ್ತು. ಲೊಚಕಪ್ಪ ಅಂತ ಹೆಸರು. ಹೋಟೆಲಿನ ಗೋಡೆಯಿಂದ ಗೂಡಿಗೆ ಬಂದು ಮಲಗಿದ್ದಾಗ ಗಾಳಿ ಅವನನ್ನೂ ಹೊತ್ತು ತಂದಿತ್ತು.

"ಬಾಡಿಗೆ ಕೇಳಬೇಡಪ್ಪ. ದೀಪಕ್ಕೆ ಬರುವ ಹುಳ ಹಿಡಿದುಕೊಂಡು ಮೂಲೆಯಲ್ಲಿ ಇದ್ದುಬಿಡ್ತೀನಿ," ಎಂದ ಲೊಚಕಪ್ಪ.

"ಇರು ಮಾರಾಯ. ಆದರೆ ಹೆಣ್ಣಿನವರು ಬಂದಾಗ ಬಾಯಿ ಬಿಡಬೇಡ."

"ಬಾಯಿ ಬಿಡೋದಿಲ್ಲ. ಆದರೆ ನಮ್ಮ ವಂಶದ್ದೊಂದು ಕಾಯಿಲೆ ಇದೆ. ಯಾರಾದರೂ ನಿಜ ಹೇಳಿದರೆ ಲೊಚಗುಟ್ಟೋದು ತಡೆಯೋಕಾಗಲ್ಲ."

"ನಿಜ ಹೇಳೋರು ಯಾರೋ ಇಲ್ಲಿ?" ಎಂದು ಚೆನ್ನಿಗ ನಕ್ಕ. ಗೂಡು ಕಳಚಿ ಬೀಳದಿರಲೆಂದು, ತಾನು ಅರ್ಧ ಹೆಣೆದಿದ್ದ ಗೂಡಿನ ಎಳೆಗಳನ್ನೇ ಕಿತ್ತು ಅದನ್ನು ಕೊಂಬೆಗೆ ಸುತ್ತಿ ಬಿಗಿದ. ಜೊಂಡಪ್ಪ ಕಣ್ಣು ಮುಚ್ಚಿಕೊಂಡ. ಮುದುಕರಿಗೆ ಕೆಲವು ದೃಶ್ಯ ನೋಡಲಾಗುವುದಿಲ್ಲ.

ಮರುದಿನ ಇಳಿಹೊತ್ತಿಗೆ ಹೆಣ್ಣುಗಳು ಬಂದರು. ಸರಿಯಾಗಿ ಆಗಲೇ ದೀಪ ಹತ್ತಿಕೊಂಡಿತು. ಮರಕ್ಕೆ ಮರವೇ "ಓಹೋ" ಅಂದಿತು. ಕಸ್ತೂರಿ ಅನ್ನುವ ಹೆಣ್ಣು ಗೀಜಗ ಎಲ್ಲರನ್ನೂ ದಾಟಿ ನೇರ ಚೆನ್ನಿಗನ ಕೊಂಬೆಗೆ ಬಂದು ಕೂತಳು. ಅವಳನ್ನು ನೋಡಿದ್ದೇ ಚೆನ್ನಿಗ, ಮದುವೆಯಾದರೆ ಇವಳನ್ನೇ ಎಂದು ಆ ಕ್ಷಣದಲ್ಲೇ ತೀರ್ಮಾನಿಸಿಬಿಟ್ಟ.

"ಇದನ್ನು ಕಟ್ಟಿದ್ದು ನೀವೇ ಏನ್ರೀ?"

"ಮತ್ತಿನ್ಯಾರು? ಒಂದೊಂದು ಎಳೆಯೂ ಈ ಕೊಕ್ಕಿನದೇ!"

ಒಳಗಿನ ಮೂಲೆ ಮೌನವಾಗಿತ್ತು. ಕಸ್ತೂರಿ ಕತ್ತು ಓರೆ ಮಾಡಿ ಬಾಗಿಲಿನಿಂದ ಒಳಗೆ ಇಣುಕಿ ಒಂದು ಕ್ಷಣ ಕಾದಳು.

"ಹಲ್ಲಿ ಇದೆ, ಆದರೆ ಲೊಚಗುಟ್ಟಲಿಲ್ಲ," ಎಂದಳು.

"ಅದು ಮೂಕ ಹಲ್ಲಿ," ಎಂದ ಚೆನ್ನಿಗ.

ಅವಳು ಒಳಗೆ ಹೋಗಿ ಎಳೆಯೊಂದನ್ನು ಜಗ್ಗಿದಳು. ಬರಲಿಲ್ಲ. ಇನ್ನೊಂದನ್ನು ಜಗ್ಗಿದಳು. ಇಡೀ ಗೂಡೇ ಒಂದೇ ಅಚ್ಚು, ಬಿಡಿ ಎಳೆ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಗಾಳಿ ಬಂತು. ಗೂಡು ಜೋಕಾಲಿಯಾಯಿತು. ಕಸ್ತೂರಿ ತಲೆ ಹಿಡಿದುಕೊಂಡು ಹೊರಗೆ ಬಂದಳು.

"ಒಳಗೆ ಮಣ್ಣು ಮೆತ್ತಿಲ್ಲವೇನ್ರೀ?"

"ಈಗಿನ ಕಾಲದಲ್ಲಿ ಮಣ್ಣು ಯಾರ್ರೀ ಮೆತ್ತುತ್ತಾರೆ?"

"ಹೋಗಲಿ, ಬಾಗಿಲು ಗಾಳಿಗೆ ಎದುರಾಗಿದೆ. ಆ ಕಡೆ ತಿರುಗಿಸಿಕೊಡಿ."

ಚೆನ್ನಿಗ ಕೆಮ್ಮಿದ. "ಅದು... ಬಂದದ್ದೇ ಹಾಗೆ."

"ಮೊಟ್ಟೆ ಇಡುವ ತಳ ಇನ್ನೂ ಸ್ವಲ್ಪ ಆಳ ಮಾಡಿ."

"ಅದನ್ನು ಮುಟ್ಟೋಕಾಗಲ್ಲ."

"ಮರಿಗಳು ನಿದ್ದೆ ಮಾಡಬೇಡವೇ? ಈ ದೀಪವನ್ನಾದರೂ ಆರಿಸಿ."

ಚೆನ್ನಿಗ ಗೂಡಿನ ಸುತ್ತ ಪ್ರದಕ್ಷಿಣೆ ಹಾಕಿದ. ಮೇಲೆ ಕುಕ್ಕಿದ, ಕೆಳಗೆ ಕುಕ್ಕಿದ. ದೀಪ ನಗುತ್ತಲೇ ಇತ್ತು.

"ಇದನ್ನು ನೀವು ಕಟ್ಟಿಲ್ಲ," ಎಂದಳು ಕಸ್ತೂರಿ.

"ಲೊಚ್! ಲೊಚ್! ಲೊಚ್!" ಮೂಕ ಹಲ್ಲಿ ಮರಕ್ಕೆಲ್ಲ ಕೇಳುವಂತೆ ಸಾಕ್ಷಿ ನುಡಿಯಿತು. ಪಕ್ಕದ ಕೊಂಬೆಯಿಂದ ಜೊಂಡಪ್ಪ "ಕೃಷ್ಣ ಕೃಷ್ಣ" ಅಂದ.

"ಕಟ್ಟಿದವರಾದರೆ ಬದಲಾಯಿಸೋಕೂ ಬರಬೇಕಿತ್ತು," ಎಂದವಳೇ ಕಸ್ತೂರಿ ರೆಕ್ಕೆ ಬಿಚ್ಚಿದಳು. "ಅರ್ಧ ಮನೆ ನೋಡೋಕೆ ನಾವು ಬರೋದು ಯಾಕೆ ಗೊತ್ತೇನ್ರೀ? ಉಳಿದರ್ಧದಲ್ಲಿ ನಮ್ಮ ಮಾತೂ ಇರಲಿ ಅಂತ."

ಹೋದಳು. ಇಡೀ ಮರ ಕಿಚಕಿಚ ನಕ್ಕಿತು. ಚೆನ್ನಿಗ ತನ್ನ ಹಳೇ ಗೂಡಿನ ಕಡೆ ನೋಡಿದ. ಅಲ್ಲಿ ಉಳಿದದ್ದು ಕೊಂಬೆಗೆ ಬಿಗಿದ ಒಂದು ಗಂಟು ಮಾತ್ರ.

"ಮಾವ, ಈಗೇನು ಮಾಡಲಿ?"

"ಗಂಟು ಉಳಿದಿದೆಯಲ್ಲೋ ಪುಣ್ಯಾತ್ಮ! ಅಲ್ಲಿಂದ ಶುರು ಮಾಡು. ಕೆರೆಯ ಸುತ್ತ ಮರಗಳು ಬೇಕಾದಷ್ಟಿವೆ. ಆ ಹುಡುಗಿ ಎಲ್ಲ ಮನೆಗೂ ಮೂಗು ಮುರಿದು ವಾಪಸು ಬರುವಷ್ಟರಲ್ಲಿ ನಿನ್ನ ಹೆಲ್ಮೆಟ್ಟು ಎದ್ದಿರುತ್ತೆ."

ಚೆನ್ನಿಗ ಕಬ್ಬಿನ ಗದ್ದೆಗೆ ಹಾರಿದ. ಮೊದಲ ಎಳೆ ಕೊಕ್ಕಿನಿಂದ ಜಾರಿ ಕೆರೆಗೆ ಬಿತ್ತು. ಎರಡನೆಯದನ್ನು ತನ್ನ ಕಾಲಿಗೇ ಗಂಟು ಹಾಕಿಕೊಂಡು ತಲೆಕೆಳಗಾಗಿ ನೇತಾಡಿದ. ಮರಿಗಳಿಗೆ ಪುಕ್ಕಟೆ ಸರ್ಕಸ್ಸು! ಸಂಜೆಯಾದ ಮೇಲೂ ಹೆಣೆದ. ಬೆಳಕಿಗೇನು ಕೊರತೆ? ಆರಿಸಲು ಬಾರದ ದೀಪ ಪಕ್ಕದಲ್ಲೇ ಇತ್ತಲ್ಲ! ಮಕ್ಕಳೇ, ಯಂತ್ರ ಅಂದರೆ ಮುಖ ಸಿಂಡರಿಸುವವನು ನಾನಲ್ಲ. ನಮ್ಮ ಮನೆಯಲ್ಲಿ ಮಿಕ್ಸಿಯ ವಿರುದ್ಧ ಮಾತಾಡಿದರೆ ನನಗೆ ಚಟ್ನಿ ಸಿಗುವುದಿಲ್ಲ. ದೀಪ ಪಾಪ ದೀಪದ ಕೆಲಸ ಮಾಡಿತು. ಗೂಡಿನ ಕೆಲಸ ಕೇಳಿದ್ದು ಚೆನ್ನಿಗನ ತಪ್ಪು.

ಜೊಂಡಪ್ಪನ ಲೆಕ್ಕ ತಪ್ಪಲಿಲ್ಲ. ಕಸ್ತೂರಿ ಇಡೀ ಕೆರೆಗೆ ಮೂಗು ಮುರಿದು ಮರಳಿ ಬಂದಾಗ ಚೆನ್ನಿಗನ ತಲೆಯ ಹಳದಿ ಅಂಚಿನಲ್ಲಿ ಮಾಸಲು ಶುರುವಾಗಿತ್ತು. ಅವನ ಹೆಲ್ಮೆಟ್ಟು ಅಷ್ಟಾವಕ್ರವಾಗಿ ತೂಗುತ್ತಿತ್ತು. ಅವಳು ಒಳಗೆ ಕೂತು ಎಳೆ ಜಗ್ಗಿದಳು. ಕಚ್ಚಿಕೊಂಡಿತ್ತು. ಗಾಳಿ ಬಂತು. ಮೆತ್ತಿದ ಮಣ್ಣಿನ ಭಾರಕ್ಕೆ ಗೂಡು ಓಲಾಡಲಿಲ್ಲ.

"ಓರೆಯಾಗಿದೆ," ಎಂದಳು.

"ಹೌದು. ಕಟ್ಟಿದವನು ನಾನೇ," ಎಂದ ಚೆನ್ನಿಗ, ತಲೆ ತಗ್ಗಿಸಿ.

"ಲೊಚ್!" ಎಂದಿತು ಪಕ್ಕದ ಮನೆ.

ಕಸ್ತೂರಿ ನಕ್ಕಳು. "ಹಾಗಾದರೆ ಬಾಗಿಲು ಈ ಕಡೆಗಿರಲಿ. ತಳ ಇನ್ನೂ ಆಳ. ಇಲ್ಲೊಂದು ಎಳೆ ಸಡಿಲ. ಅಲ್ಲೇನು ಅದು, ಗಂಟೋ ಗಡ್ಡವೋ? ಬಿಚ್ಚಿ ಮತ್ತೆ ಹಾಕಿ."

ಜನ್ಮದಲ್ಲಿ ಯಾರೂ ಅವನನ್ನು ಇಷ್ಟು ಬೈದಿರಲಿಲ್ಲ. ಚೆನ್ನಿಗ ಸಂತೋಷದಿಂದ ಎರಡು ಸಲ ಕೊಂಬೆ ತಪ್ಪಿ ಬಿದ್ದ. ಆಮೇಲೆ ಗರಿ ತರಲು ಓಡಿದ.

ಪ್ಲಾಸ್ಟಿಕ್ ಗೂಡಿನಲ್ಲಿ ಈಗ ಲೊಚಕಪ್ಪ ಡೊಳ್ಳು ಹೊಟ್ಟೆ ಬಿಟ್ಟುಕೊಂಡು ಸುಖವಾಗಿದ್ದಾನೆ. ಊಟ ತಾನಾಗಿಯೇ ದೀಪಕ್ಕೆ ಬರುತ್ತದೆ. ಬೆಳಕು ಮನೆಯೊಳಗೆ ನುಗ್ಗದಿರಲೆಂದು ಚೆನ್ನಿಗ ಆ ಕಡೆಗೆ ಇನ್ನೊಂದು ಪದರ ಹೆಣೆಯುತ್ತಿದ್ದಾನೆ. ಕಸ್ತೂರಿ ಹೇಳಿದ್ದಾಳೆ, ಹೆಣೆಯಲೇಬೇಕು.

ನೀತಿ: ಸಿದ್ಧವಾಗಿ ಸಿಕ್ಕಿದ್ದನ್ನು ಧಾರಾಳವಾಗಿ ಬಳಸಿ, ಆದರೆ ಬದಲಾಯಿಸಲು ಬಾರದ್ದನ್ನು "ನಾನು ಮಾಡಿದ್ದು" ಎನ್ನಬೇಡಿ, ಎನ್ನಲೇಬೇಕಿದ್ದರೆ ಮೊದಲು ಮೂಲೆಯಲ್ಲಿ ಹಲ್ಲಿ ಇದೆಯೇ ನೋಡಿಕೊಳ್ಳಿ.