ಹಲ್ಲಲ್ಲಿ ಕಚ್ಚಿದ ಗೂಟ

ಏನಾಗಿರಬಹುದು, ಸ್ವಲ್ಪ ಊಹಿಸಿ ನೋಡಿ. ಒಬ್ಬ ಮಹಾ ಮಾತುಗಾರ ಗುರುವಿನ ಹತ್ತಿರ ಸುಮ್ಮನಿರುವುದನ್ನು ಕಲಿತ. ಅರೆಬರೆಯಲ್ಲ, ಪೂರ್ತಿ ಕಲಿತ. ಒಂದು ಬೆಳಗ್ಗೆ ತುಟಿ ಪಿಟಕ್ಕೆನ್ನದೆ ಆಟ ಆಡಿದ. ಅದೇ ಬೆಳಗ್ಗೆ ಗುರು ಅವನ ಆಟದ ಚೀಲ ಕಿತ್ತುಕೊಂಡು ಮನೆಗೆ ಕಳಿಸಿದರು.

ಸಿಟ್ಟಿನಿಂದಲ್ಲ. ಆ ಗುರುವಿಗೆ ಸಿಟ್ಟು ಬಂದದ್ದನ್ನು ಕಂಡವರೇ ಇಲ್ಲ. ಹಾಗಾದರೆ ಯಾಕೆ? ನಿಮ್ಮ ಊಹೆ ನಿಮ್ಮ ಹತ್ತಿರ ಇರಲಿ, ಕಥೆ ಕೇಳಿ.

ತುಂಗಭದ್ರೆಯ ದಂಡೆಯಲ್ಲಿ, ಮುಚ್ಚಿಹೋದ ಒಂದು ಕಾರ್ಖಾನೆಯ ಹಿಂದೆ, ಒಂಬತ್ತು ಕುಳಿಗಳ ಗಾಲ್ಫ್ ಮೈದಾನವಿತ್ತು. ಕಾರ್ಖಾನೆ ಹೋಯಿತು, ಆಟ ಉಳಿಯಿತು. ಕುಳಿಗಳ ಸುತ್ತ ಹಸಿರು ಹುಲ್ಲು ಬೆಳೆಸುವಷ್ಟು ನೀರಿನ ಅನುಕೂಲ ಇರಲಿಲ್ಲ. ಎಣ್ಣೆ ಬೆರೆಸಿದ ಕಂದು ಮರಳನ್ನೇ ತಟ್ಟೆಯ ಹಾಗೆ ಹರಡಿದ್ದರು. ಆಡಿ ಮುಗಿಸಿದವರು ಗೋಣಿತಟ್ಟು ಎಳೆದು ತಮ್ಮ ಹೆಜ್ಜೆಗುರುತು ಅಳಿಸಿ ಹೋಗಬೇಕು. ಅದು ಅಲ್ಲಿಯ ಮರ್ಯಾದೆ.

ಅಲ್ಲಿ ಆಟ ಕಲಿಸುತ್ತಿದ್ದವರು ದೇಚಮ್ಮ. ಕೊಡಗಿನವರು. ಕಾರ್ಖಾನೆಯ ಇಂಜಿನಿಯರನ್ನು ಮದುವೆಯಾಗಿ ಬಂದು ಇಲ್ಲಿಯವರೇ ಆದವರು. ಎಪ್ಪತ್ತು ದಾಟಿತ್ತು, ಕಣ್ಣು ಮಸುಕಾಗಿತ್ತು. ಚೆಂಡು ಎಲ್ಲಿ ಬಿತ್ತೆಂದು ಈಚೆಗೆ ಬೇರೆಯವರು ಹೇಳಬೇಕಾಗಿತ್ತು. ಆದರೆ ಅದು ನೇರ ಹೋಗಿರುತ್ತದೆ ಎನ್ನುವುದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಮೈದಾನದ ಅಂಚಿಗೆ ಒಂದು ಹಂಚಿನ ಕೋಣೆ. ಅದರ ಗೋಡೆಗೆ ಕಪ್ಪು ಹಲಗೆ. ಒಂದೇ ಹೊಡೆತಕ್ಕೆ ಚೆಂಡನ್ನು ಕುಳಿಗೆ ಬೀಳಿಸಿದವರ ಹೆಸರು, ಮುಂದೆ ತಾರೀಕು, ವಾರ, ಎಲ್ಲ ಬಿಳಿ ಬಣ್ಣದಲ್ಲಿ. ದೇಚಮ್ಮನವರ ಹೆಸರೂ ಅದರಲ್ಲಿತ್ತು. ಕೆಳಗೆ ಬೇಕಾದಷ್ಟು ಖಾಲಿ ಜಾಗವೂ ಇತ್ತು.

ಆ ಖಾಲಿ ಜಾಗವನ್ನು ನೋಡುತ್ತ ಮುರಿಗೆಪ್ಪ ಒಂದು ದಿನ ಬಾಗಿಲಲ್ಲಿ ನಿಂತ.

ಅವನು ದಾವಣಗೆರೆಯ ಮಂಡಿಯಲ್ಲಿ ಮೆಕ್ಕೆಜೋಳದ ಹರಾಜಿನ ಸವಾಲು ಕೂಗುತ್ತಿದ್ದವನು. ಕೂಗಿ ಕೂಗಿ ವಯಸ್ಸಾಗಿ, ಬಿಟ್ಟು, ಹೊಳೆಯ ಬದಿಯ ಊರಿಗೆ ಬಂದಿದ್ದ. ದನಿ ಮಾತ್ರ ಬಿಟ್ಟು ಬಂದಿರಲಿಲ್ಲ. ಅವನು ಈ ದಂಡೆಯಲ್ಲಿ ಚಹಾ ಕೇಳಿದರೆ ಆಚೆ ದಂಡೆಯ ಎಮ್ಮೆಗಳು ಕಿವಿ ನಿಮಿರಿಸುತ್ತಿದ್ದವು.

"ಏನೇನು ತಂದಿದ್ದೀಯ?" ಎಂದರು ದೇಚಮ್ಮ.

ಮುರಿಗೆಪ್ಪ ಹೊಸ ಚೀಲವನ್ನು ಜಗಲಿಯ ಮೇಲೆ ಬಿಚ್ಚಿ ಹರಡಿದ. "ಹದಿನಾಲ್ಕು ಕೋಲು ಅದಾವ್ರಿ. ನಿಯಮದಾಗ ಅಷ್ಟಕ್ಕ ಮುಗೀತಂತ, ಇಲ್ಲಾಂದ್ರ ಇನ್ನೊಂದಿಷ್ಟು ತರತಿದ್ದೆ. ಮುಳ್ಳಿನ ಬೂಟು, ಕೈಗವಸು. ಇದು ದೂರ ಅಳೆಯೋ ದುರ್ಬೀನು. ಇದು ಬಗ್ಗದಂಗ ಚೆಂಡು ಎತ್ತೋ ಬಟ್ಟಲು."

ದೇಚಮ್ಮ ಒಂದೊಂದನ್ನೂ ಮುಟ್ಟಿ ನೋಡಿದರು. ಒಳ್ಳೆಯ ಸಾಮಾನು.

"ಇದೆಲ್ಲ ನಿನ್ನ ಸಲುವಾಗಿ. ಬೇರೆಯವರ ಸಲುವಾಗಿ ಏನು ತಂದಿದ್ದೀಯ?"

ಮುರಿಗೆಪ್ಪ ತಲೆ ಕೆರೆದುಕೊಂಡ. ಆಮೇಲೆ ಮುಖ ಅರಳಿತು. "ಮಂಡಕ್ಕಿ ಮಿರ್ಚಿ ಕಟ್ಟಿಸ್ಕೊಂಡು ಬಂದೀನ್ರಿ. ಎಲ್ಲಾರಿಗೂ."

ದೇಚಮ್ಮ ಒಂದು ಮಿರ್ಚಿ ತಿಂದರು. ನೀರು ಕುಡಿದರು.

"ಒಳ್ಳೆಯದು. ಆದರೆ ಇದಲ್ಲ," ಎಂದರು.

ಪಾಠ ಶುರುವಾಯಿತು. ಕೋಲು ಹಿಡಿಯುವುದು ಬೇಗ ಬಂತು. ಬರದೆ ಇದ್ದದ್ದು ಮರ್ಯಾದೆ. ಇನ್ನೊಬ್ಬರ ಚೆಂಡು ಕುಳಿಗೆ ಉರುಳುವ ದಾರಿಯನ್ನು ತುಳಿಯಬಾರದು. ಅದರ ಮೇಲೆ ನೆರಳೂ ಬೀಳಬಾರದು. ನಿನ್ನ ಹೊಡೆತ ದಾರಿ ತಪ್ಪಿದರೆ 'ಫೋರ್' ಎಂದು ಕೂಗಬೇಕು, ಆ ಕಡೆ ಇರುವವರು ತಲೆ ಕಾಪಾಡಿಕೊಳ್ಳಲಿ. ಇನ್ನೊಬ್ಬರು ಹೊಡೆಯುವಾಗ ಉಸಿರೆತ್ತಬಾರದು.

ಉಸಿರೆತ್ತದೆ ಇರುವ ಹೊತ್ತಿಗೇ ಮುರಿಗೆಪ್ಪನಿಗೆ ಹಳೆಯ ಸಂಗತಿಗಳೆಲ್ಲ ಜ್ಞಾಪಕಕ್ಕೆ ಬರುತ್ತಿದ್ದವು.

ಮೈದಾನದಲ್ಲಿ ಭಾನುವಾರದ ಗುಂಪು ಎಂದು ಒಂದಿತ್ತು. ಅದರ ಯಜಮಾನಿಕೆ ಇನಾಯತ್ ಸಾಹೇಬರದು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು, ಅಕ್ಷರ ದುಂಡಗೆ, ಮಾತು ಮೊನಚು. ಕಪ್ಪು ಹಲಗೆಗೆ ಹೆಸರು ಬರೆಯುವ ಕೈಯೂ ಅವರದೇ.

"ನನ್ನನ್ನೂ ಕರಕೊಳ್ರಿ ಸಾಹೇಬ್ರ," ಎಂದ ಮುರಿಗೆಪ್ಪ.

"ನಿಮ್ಮ ಜೊತೆ ಆಡೋದು ಅಂದ್ರೆ ರೇಡಿಯೋ ಹೊತ್ತುಕೊಂಡು ಆಡಿದ ಹಾಗೆ. ಅದಕ್ಕಾದ್ರೂ ಕಿವಿ ತಿರುವಿದರೆ ನಿಲ್ಲುತ್ತೆ."

ಎಲ್ಲರೂ ನಕ್ಕರು. ಮುರಿಗೆಪ್ಪನೂ ನಕ್ಕ. ಆ ದಿನ ಒಬ್ಬನೇ ಆಡಿದ. ಒಬ್ಬನೇ ಗಾಲ್ಫ್ ಆಡುವುದೆಂದರೆ ಕನ್ನಡಿಯ ಮುಂದೆ ಊಟಕ್ಕೆ ಕೂತ ಹಾಗೆ. ಒಳ್ಳೆಯ ಹೊಡೆತ ಬಿದ್ದಾಗ ತಿರುಗಿ ನೋಡಿದ. ಹೊಳೆ ಮಾತ್ರ ಇತ್ತು.

ಅವತ್ತೇ ನಿಶ್ಚಯ ಮಾಡಿದ. ಚೆಂಡನ್ನು ಕೂರಿಸಲು ನೆಲಕ್ಕೆ ಚುಚ್ಚುವ ಪುಟ್ಟ ಮರದ ಗೂಟಗಳು ಚೀಲದ ತುಂಬ ಇದ್ದವು. ಒಂದನ್ನು ತೆಗೆದು ಹಲ್ಲಲ್ಲಿ ಕಚ್ಚಿಕೊಂಡ. ಮಾತು ಬಂದಾಗಲೆಲ್ಲ ಗೂಟ ಕಚ್ಚಿದ. ಮೊದಮೊದಲು ದಿನಕ್ಕೆ ಮೂರು ನಾಲ್ಕು ಮುರಿದವು. ಬರಬರುತ್ತ ಒಂದೇ ಗೂಟ ವಾರ ಬಾಳತೊಡಗಿತು.

ದೇಚಮ್ಮ ನೋಡಿದರು.

ಒಂದು ಭಾನುವಾರ ಗುಂಪಿನಲ್ಲಿ ಒಬ್ಬರು ಮಗಳ ಮನೆಗೆ ಹೋಗಿದ್ದರು, ಇನ್ನೊಬ್ಬರಿಗೆ ಮಂಡಿನೋವು. ಒಬ್ಬರೇ ಉಳಿದ ಇನಾಯತ್ ಸಾಹೇಬರು ಮುರಿಗೆಪ್ಪನ ಬಾಯಲ್ಲಿದ್ದ ಗೂಟ ನೋಡಿದರು. "ಬನ್ನಿ. ಆದರೆ ಅದು ಬಾಯಲ್ಲೇ ಇರಲಿ. ಇವತ್ತು ಸರಿಹೋದರೆ ಪ್ರತಿ ಭಾನುವಾರ ನೀವು ನಮ್ಮವರೇ."

ದೇಚಮ್ಮನವರೂ ಜೊತೆಗೆ ಹೊರಟರು.

ಆರು ಕುಳಿ ಮುಗಿಯಿತು. ಮುರಿಗೆಪ್ಪ ಮಾತಾಡಲಿಲ್ಲ. ನೆರಳನ್ನು ಕೂಡ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡವನ ಹಾಗೆ ನಡೆದ.

"ಮೇಡಂ, ಇವರ ನಾಡಿ ಹಿಡಿದು ನೋಡಿ," ಎಂದರು ಇನಾಯತ್. ಮಾತಿನಲ್ಲಿ ಮೊನಚಿರಲಿಲ್ಲ. ಮುರಿಗೆಪ್ಪನ ಎದೆ ಹೂವಿನ ಹಾಗೆ ಹಗುರಾಯಿತು.

ಏಳನೆಯ ಕುಳಿಗೆ ಹೊಡೆಯುವ ಜಾಗ ಒಂದು ದಿಬ್ಬ. ಅದರ ಮೇಲೆ ಹೊಡೆಯುವವರೊಬ್ಬರಿಗೇ ಜಾಗ. ಉಳಿದವರು ಕೆಳಗೆ ಜಾಲಿ ಮರಗಳ ಮರೆಯಲ್ಲಿ ಕಾಯಬೇಕು. ಅಲ್ಲಿಗೆ ಹೊಡೆದ ಸದ್ದು ಕೇಳುತ್ತದೆ, ಚೆಂಡು ಹೋದ ದಿಕ್ಕು ಕಾಣುವುದಿಲ್ಲ.

ಮುರಿಗೆಪ್ಪ ಹತ್ತಿ ಹೊಡೆದ. ಸದ್ದು ಚೆನ್ನಾಗಿತ್ತು. ಚೆಂಡು ಮಾತ್ರ ನೇರ ಹೋಗದೆ ಬಲಕ್ಕೆ ಬಾಗಿತು.

ಬಲಗಡೆಯ ಅಂಚಿನಲ್ಲಿ ಊರಿನ ಹನುಮವ್ವ ಹುಲ್ಲು ಕೊಯ್ದು ಹೊರೆ ಕಟ್ಟಿದ್ದಳು. ಬೆಳಗ್ಗೆ ಅಲ್ಲಿ ಹುಲ್ಲು ಕೊಯ್ಯಲು ಅವಳಿಗೆ ಅಪ್ಪಣೆಯಿತ್ತು. ಬೆನ್ನು ಈ ಕಡೆಗಿತ್ತು. ಮುರಿಗೆಪ್ಪ ಅವಳನ್ನು ಕಂಡ. ಅವನೊಬ್ಬನಿಗೇ ಕಂಡದ್ದು.

ಗೂಟ ಹಲ್ಲಲ್ಲಿತ್ತು. ಅದನ್ನು ಕಚ್ಚಿದ.

ಹನುಮವ್ವ ಹೊರೆಯನ್ನು ತಲೆಗೇರಿಸಿದಳು. ಚೆಂಡು ಬಂದು ಧಪ್ ಎಂದು ಅದೇ ಹೊರೆಗೆ ಹೊಕ್ಕಿತು. ಹೊರೆ ತಲೆಗೆ ಬಂದದ್ದಕ್ಕೂ ಚೆಂಡು ಬಂದದ್ದಕ್ಕೂ ನಡುವೆ ಒಂದು ಉಸಿರು.

ಅವಳು ಹೊರೆ ಇಳಿಸಿ, ಹುಲ್ಲು ಕೆದರಿ, ಬಿಳಿ ಚೆಂಡು ತೆಗೆದಳು. ಅಷ್ಟು ದೂರ ನಡೆದು ಬಂದಳು. ಕೆಳಗಿದ್ದ ಇಬ್ಬರನ್ನು ನೋಡಲಿಲ್ಲ. ದಿಬ್ಬ ಇಳಿಯುತ್ತಿದ್ದ ಮುರಿಗೆಪ್ಪನನ್ನೇ ನೋಡಿದಳು.

"ಯಪ್ಪಾ, ಮಂಡಿಯಾಗ ನಿನ್ನ ಕೂಗು ಊರಿಗೆಲ್ಲ ಕೇಳತಿತ್ತು. ಇವತ್ತೇನು ಅದು ರಜಾದ ಮ್ಯಾಲ ಹೋಗೇತೇನು?"

ಚೆಂಡನ್ನು ಅವನ ಕೈಗಿಟ್ಟು ಹೊರಟುಹೋದಳು. ಚೆಂಡಿಗೆ ಹುಲ್ಲಿನ ರಸ ಮೆತ್ತಿತ್ತು.

ದೇಚಮ್ಮ ಮುರಿಗೆಪ್ಪನ ಚೀಲ ಎತ್ತಿ ತಮ್ಮ ಹೆಗಲಿಗೆ ಹಾಕಿಕೊಂಡು ಹಂಚಿನ ಕೋಣೆಯ ಕಡೆ ನಡೆದರು. ಅವನು ಹಿಂದೆ ಹಿಂದೆ ಬಂದ.

"ಬಾಯಾಗ ಗೂಟ ಇತ್ರಿ," ಎಂದ.

"ಉಗುಳೋಕೆ ಎಷ್ಟು ಹೊತ್ತು ಬೇಕು?"

ಅವನು ಬಾಯಿ ಒರೆಸಿಕೊಂಡ. ಆಮೇಲೆ ಹೇಳಿದ. "ಸುಮ್ಮನಿರು ಅಂದಾವ್ರು ನೀವ ಅಲ್ಲೇನ್ರಿ?"

"ಯಾರ ಸಲುವಾಗಿ ಸುಮ್ಮನಿರು ಅಂದೆ?"

"ಹೊಡಿಯೋರ ಸಲುವಾಗಿ."

"ಇವತ್ತು ಯಾರ ಸಲುವಾಗಿ ಸುಮ್ಮನಿದ್ದೆ?"

ಮುರಿಗೆಪ್ಪ ಅಂಗೈಯಲ್ಲಿದ್ದ ಹಸಿರು ಚೆಂಡನ್ನು ನೋಡಿದ. ಕೂಗಿದ್ದರೆ ಇನಾಯತ್ ಸಾಹೇಬರು ಜಾಲಿಯ ಮರೆಯಿಂದ ಹೊರಗೆ ಬರುತ್ತಿದ್ದರು. ಹೊಡೆತ ಸೊಟ್ಟ ಹೋದದ್ದು ಗೊತ್ತಾಗುತ್ತಿತ್ತು. ಆರು ಕುಳಿ ಕಷ್ಟಪಟ್ಟು ಕೂಡಿಸಿದ್ದೆಲ್ಲ ಹೋಗುತ್ತಿತ್ತು. ಒಂದೇ ಒಂದು ಕೆಟ್ಟ ಹೊಡೆತ, ಯಾರೂ ನೋಡದೆ ಹೋಗಲಿ ಅನ್ನಿಸಿತ್ತು.

"ನನ್ನ ಸಲುವಾಗಿ," ಎಂದ. ಆ ದನಿ ಬಾಗಿಲು ಕೂಡ ದಾಟಲಿಲ್ಲ.

ದೇಚಮ್ಮ ಚೀಲವನ್ನು ಮೊಳೆಗೆ ತೂಗುಹಾಕಿದರು. "ಮೊದಲ ದಿನ ಒಂದು ಪ್ರಶ್ನೆ ಕೇಳಿದ್ದೆ. ಅದಕ್ಕೆ ಉತ್ತರ ತಂದ ದಿನ ಇದನ್ನು ತೆಗೆದುಕೊಂಡು ಹೋಗು. ಈಗ ಮನೆಗೆ ನಡಿ."

ಮುಂದಿನ ಭಾನುವಾರ ಮುರಿಗೆಪ್ಪ ತಣ್ಣೀರಿನ ಹೂಜಿ ಹೊತ್ತು ಬಂದ. ಎಲ್ಲರಿಗೂ.

"ಒಳ್ಳೆಯದು. ಇದಲ್ಲ," ಎಂದರು ದೇಚಮ್ಮ.

ಅದರ ಮುಂದಿನ ಭಾನುವಾರ ಒಂದು ಚೀಲ ಮಣ್ಣು ತಂದ. ಆಡುವವರ ಕೋಲು ತಾಗಿ ಕಿತ್ತುಬಂದ ನೆಲವನ್ನೆಲ್ಲ ತುಂಬಿದ.

"ತುಂಬ ಒಳ್ಳೆಯದು. ಇದಲ್ಲ."

ಇನಾಯತ್ ಸಾಹೇಬರಿಗೇ ಪಾಪ ಅನ್ನಿಸಿತು. "ಮೇಡಂ, ಬಿಡಿ. ಮುಂದಿನ ಸಲ ಕುರ್ಚಿ ಮೇಜು ಹೊತ್ತು ತರ್ತಾರೆ."

"ಚೀಲ ಇಲ್ದಾವ ಎಲ್ಲಿ ನಿಂದರ್ಲಿ?" ಎಂದ ಮುರಿಗೆಪ್ಪ.

"ಏಳನೇ ದಿಬ್ಬದ ಪಕ್ಕಕ್ಕೆ ಬಂಡೆ ಇದೆ. ಅದರ ಮೇಲೆ ನಿಲ್ಲು. ನೋಡು."

ಅವನು ನಿಂತ. ನೋಡಿದ. ಬಂಡೆಯ ಮೇಲಿಂದ ಎಲ್ಲ ಕಾಣುತ್ತಿತ್ತು. ಹನುಮವ್ವ ಯಾವ ಕಡೆಯಿಂದ ಕೊಯ್ಯುತ್ತ ಬರುತ್ತಾಳೆ, ಎಲ್ಲಿ ಬಗ್ಗುತ್ತಾಳೆ, ಎಲ್ಲಿ ಸೊಂಟ ಹಿಡಿದು ನಿಲ್ಲುತ್ತಾಳೆ. ಇಷ್ಟು ದಿನ ಆಡುತ್ತಿದ್ದವನಿಗೆ ಕುಳಿಯ ಬಾವುಟವೊಂದೇ ಕಂಡಿತ್ತು.

ಹೀಗಿರುವಾಗ ಒಂದು ಭಾನುವಾರ ಹುಬ್ಬಳ್ಳಿಯಿಂದ ಆಟಗಾರರು ಬಂದರು. ದೇಚಮ್ಮನವರ ಹೊಡೆತ ನೋಡಬೇಕೆಂದೇ ಬಂದವರು. ಏಳನೆಯ ದಿಬ್ಬದ ಕೆಳಗೆ ಜಾಲಿಯ ಮರೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ದೇಚಮ್ಮ ಮೇಲೆ ಹತ್ತಿದರು. ಕೋಲು ಬೀಸಿದರು. ಠಣ್ ಎಂದಿತು.

"ನೇರ," ಎಂದರು ಇನಾಯತ್, ಬಂದವರ ಕಡೆ ತಿರುಗಿ. "ನೋಡಬೇಕಾಗಿಯೇ ಇಲ್ಲ."

ಬಂಡೆಯ ಮೇಲಿದ್ದ ಮುರಿಗೆಪ್ಪ ನೋಡಿದ. ಚೆಂಡು ಬಲಕ್ಕೆ ಬಾಗುತ್ತಿತ್ತು. ಹನುಮವ್ವ ಕುಡುಗೋಲು ಹಿಡಿದು ಬಗ್ಗಿದ್ದಳು. ಹೊರೆ ನೆಲದ ಮೇಲಿತ್ತು. ದೇಚಮ್ಮನವರ ಕಣ್ಣು ಅಷ್ಟು ದೂರ ಹೋಗುತ್ತಿರಲಿಲ್ಲ.

ಕೆಳಗೆ ಊರೂರಿನವರು. ಗುರುವಿನ ಹೊಡೆತ.

"ಹನುಮವ್ವಾ, ಕುಂದರು."

ಆ ಕೂಗಿಗೆ ಜಾಲಿಯ ಹಕ್ಕಿಗಳೆಲ್ಲ ಎದ್ದವು. ಹೊಳೆಯಾಚೆಯ ಎಮ್ಮೆಗಳು ಕಿವಿ ನಿಮಿರಿಸಿದವು. ಹನುಮವ್ವ ತಿರುಗಿ ನೋಡಲಿಲ್ಲ, ಯಾಕೆಂದು ಕೇಳಲಿಲ್ಲ, ಇದ್ದಲ್ಲೇ ಕುಕ್ಕರಿಸಿದಳು. ಚೆಂಡು ಅವಳ ತಲೆಯ ಮೇಲಿಂದ ಹಾದು ಹೊಂಗೆಯ ಬುಡಕ್ಕೆ ಬಡಿಯಿತು.

ಅವಳು ಎದ್ದು ಸೆರಗು ಕೊಡವಿದಳು. "ರಜಾ ಮುಗಿಸ್ಕೊಂಡು ಬಂತು ನೋಡು," ಎಂದಳು, ಯಾರಿಗೋ ಎಂಬಂತೆ.

ಜಾಲಿಯ ಮರೆಯಿಂದ ಎಲ್ಲರೂ ಹೊರಗೆ ಬಂದರು. ಚೆಂಡು ಎಲ್ಲಿದೆ ಎನ್ನುವುದು ಎಲ್ಲರಿಗೂ ಕಂಡಿತು. ಹುಬ್ಬಳ್ಳಿಯವರು ಮುಖ ಮುಖ ನೋಡಿಕೊಂಡರು.

"ನಿಯಮದಲ್ಲಿ ಫೋರ್ ಅಂತ ಇದೆ," ಎಂದರು ಇನಾಯತ್, ಏನಾದರೂ ಹೇಳಬೇಕಲ್ಲ ಎಂದು.

"ಫೋರ್ ಅಂದ್ರ ಆಕೀಗೆ ತಿಳೀಬೇಕಲ್ರಿ ಸಾಹೇಬ್ರ."

ಮುರಿಗೆಪ್ಪ ಬಂಡೆಯಿಂದ ಇಳಿದು ದೇಚಮ್ಮನವರ ಮುಂದೆ ನಿಂತ. ತಲೆ ಎತ್ತಲಿಲ್ಲ. "ಮಂದಿ ಮುಂದ ನಿಮ್ಮ ಹೊಡೆತ ತಪ್ಪೇತಿ ಅಂತ ಡಂಗುರ ಸಾರಿಬಿಟ್ಟೆ."

ಅವನಿಗೆ ಒಂದು ಅನುಮಾನ ಬಂತು. ದನಿ ಇಳಿಸಿ ಕೇಳಿದ. "ನನ್ನ ಪರೀಕ್ಷಾ ಮಾಡಾಕ ಬೇಕಂತನ ಹಂಗ ಹೊಡದ್ರೇನ್ರಿ?"

"ಆಕೆ ಅಲ್ಲಿರುವಾಗ ಬೇಕಂತ ಹೊಡೀತೀನಾ? ಕೈ ತಪ್ಪಿತು. ಇಷ್ಟು ವರ್ಷ ಆಡಿದ ಮೇಲೂ ತಪ್ಪುತ್ತೆ."

ಎಲ್ಲರೂ ಹಂಚಿನ ಕೋಣೆಗೆ ಬಂದರು. ದೇಚಮ್ಮ ದಾರಿಯಲ್ಲೇ ಹನುಮವ್ವನ ಹತ್ತಿರ ನಿಂತು, ತಪ್ಪಾಯಿತು ಎಂದು ಕೈ ಹಿಡಿದು ಬಂದಿದ್ದರು. ಒಳಗೆ ಬಂದು ಮುರಿಗೆಪ್ಪನನ್ನು ಕೇಳಿದರು.

"ಬೇರೆಯವರ ಸಲುವಾಗಿ ಇವತ್ತು ಏನು ತಂದೆ?"

ಅವನು ಖಾಲಿ ಕೈ ತೋರಿಸಿದ. "ಏನೂ ತಂದಿಲ್ರಿ. ಮರ್ತು ಬಂದೆ."

ದೇಚಮ್ಮ ಮೊಳೆಯಿಂದ ಚೀಲ ಇಳಿಸಿ ಅವನ ಹೆಗಲಿಗೆ ಹಾಕಿದರು. ಗೂಟಗಳ ಪೊಟ್ಟಣ ಬಿಚ್ಚಿ ಒಂದನ್ನು ಅವನ ಜೇಬಿಗಿಟ್ಟರು. ಬಾಯಿಗಲ್ಲ, ಜೇಬಿಗೆ.

ಆಮೇಲೆ ಇನಾಯತ್ ಸಾಹೇಬರ ಕಡೆ ತಿರುಗಿದರು. "ಬಿಳಿ ಬಣ್ಣ ಇದೆಯಾ? ಹಲಗೆಗೆ ಬರೆಯೋದಿದೆ."

"ಏನಂತ ಬರೀಲಿ ಮೇಡಂ? ಒಂದೇ ಹೊಡೆತಕ್ಕೆ ಇವತ್ತು ಯಾರೂ ಕುಳಿಗೆ ಹಾಕಲಿಲ್ಲವಲ್ಲ."

"ಹೊಡೆದದ್ದು ದೇಚಮ್ಮ, ದಾರಿ ತಪ್ಪಿ. ಕೂಗಿದ್ದು ಮುರಿಗೆಪ್ಪ, ಹೊತ್ತಿಗೆ ಸರಿಯಾಗಿ. ಡಿಸೆಂಬರ್ ಎಂಟು, ಎರಡು ಸಾವಿರದ ಇಪ್ಪತ್ತನಾಲ್ಕು, ಭಾನುವಾರ."