ಬೋರಲಿಂಗ, ಅಮಲ್ದಾರ ಮತ್ತು ಶುಕ್ರವಾರದ ಹಪ್ಪಳ

ಊರಿನ ಹೆಸರು ಬೇಡ. ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ. ಹೇಳದಿದ್ದರೆ ಎಲ್ಲರೂ ಇದು ಪಕ್ಕದೂರಿನ ಕತೆ ಅಂದುಕೊಂಡು ನೆಮ್ಮದಿಯಾಗಿ ನಗುತ್ತಾರೆ.

ಆ ಊರಲ್ಲಿ ಕೆಂಪಾಜಮ್ಮ ಅಂತ ಒಬ್ಬಳು. ಅವಳಿಗೆ ಬೋರಲಿಂಗ ಅಂತ ಒಬ್ಬನೇ ಮಗ. ಆಳು ಆರಡಿ, ತೋಳು ಒನಕೆ, ಬುದ್ಧಿ ಮಾತ್ರ ಅವ್ವ ಹೇಳಿದಷ್ಟೇ. ಹೇಳಿದ ಮಾತು ಕೇಳದ ಮಕ್ಕಳ ಬಗ್ಗೆ ಬೀದಿಯ ಹೆಂಗಸರು ಅಳುತ್ತಿದ್ದರು. ಕೆಂಪಾಜಮ್ಮ ಅಳುತ್ತಿದ್ದದ್ದು ಮಗ ಹೇಳಿದ್ದನ್ನೆಲ್ಲ ಕೇಳುತ್ತಾನಲ್ಲ ಅಂತ.

ಆ ಮನೆಯಲ್ಲೊಂದು ನಾಯಿ. ಹೆಸರು ಅಮಲ್ದಾರ. ಎಂಟು ವರ್ಷ ವಯಸ್ಸು, ದಫ್ತರು ನೋಡುವವನ ಹಾಗೆ ಗಂಭೀರ ಮುಖ. ಬೋರಲಿಂಗ ಮಾತಾಡಿದರೆ ಪೂರ್ತಿ ಕೂತು ಕೇಳುವ ಜೀವ ಇಡೀ ಊರಲ್ಲಿ ಅದೊಂದೇ. ಎಂಟು ವರ್ಷವೂ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಿತ್ತಲ ಬೇಲಿಗೆ ಹೋಗಿ ಕೆಲಸ ಮುಗಿಸಿ ಬರುತ್ತಿದ್ದ ನಾಯಿ ಅದು. ಒಂದು ಭಾನುವಾರ ನಡುಮನೆಯ ಮಧ್ಯೆ ನಿಂತು, ಆ ಕಡೆ ನೋಡಿ ಈ ಕಡೆ ನೋಡಿ, ಉಚ್ಚೆ ಹೊಯ್ದುಬಿಟ್ಟಿತು.

ಬೋರಲಿಂಗ ಪಕ್ಕದಲ್ಲೇ ಕೂತು ನೋಡುತ್ತಿದ್ದ.

ಕೆಂಪಾಜಮ್ಮ ಬಂದವಳೇ ಜಾರಿಬಿದ್ದಳು. "ಏನ್ಲಾ ಇದು!"

"ಉಚ್ಚೆ ಕಣವ್ವಾ."

"ಯಾವಾಗ ಹೊಯ್ತು?"

"ಆಗ್ಲೇ. ಬಾಗಿಲವರೆಗೂ ಹರೀತದೋ ಇಲ್ವೋ ಅಂತ ನೋಡ್ತಿದ್ದೆ. ಹರೀತು."

"ಅಯ್ಯೋ ನನ್ನ ಕರ್ಮವೇ! ನೋಡ್ತಾ ಕೂತ್ಕೊಳ್ಳೋದಾ? ನಾಲ್ಕು ಕೊಡ ನೀರು ಹುಯ್ದು, ಪರಕೆ ತಗೊಂಡು ಗಸಗಸ ತಿಕ್ಕಬೇಕು!"

"ಆಗ್ಲಿ ಕಣವ್ವಾ. ಮುಂದಿನ ಸಲ ಹಂಗೇ ಮಾಡ್ತೀನಿ."

ಆಮೇಲೆ ಕೆಂಪಾಜಮ್ಮ ಇನ್ನೊಂದು ಮಾತು ಹೇಳಿದಳು. ಬೋರಲಿಂಗನ ಮುಖ ಸಣ್ಣದಾದದ್ದು ಆ ಮಾತಿಗೆ. ಆ ಬೀದಿಯಲ್ಲಿ ಬೇಸಿಗೆಯ ಹಪ್ಪಳ ಅಂದರೆ ಮುಯ್ಯಿಯ ಕೆಲಸ. ಇವತ್ತು ಹತ್ತು ಹೆಂಗಸರು ಇವಳ ಮನೆಯಲ್ಲಿ ಕೂತು ಲಟ್ಟಿಸಿದರೆ ನಾಳೆ ಅವಳ ಮನೆಯಲ್ಲಿ. ಈ ಶುಕ್ರವಾರ ಕೆಂಪಾಜಮ್ಮನ ಸರದಿ. ನಾಯಿ ಉಚ್ಚೆ ಹೊಯ್ಯುವ ನಡುಮನೆಯಲ್ಲಿ ಯಾರು ಕೂತು ಹಿಟ್ಟು ಮುಟ್ಟುತ್ತಾರೆ? ಸರದಿ ತಪ್ಪಿದರೆ ಆ ವರ್ಷ ಹಪ್ಪಳವೂ ಇಲ್ಲ, ಬೀದಿಯಲ್ಲಿ ಮುಖವೂ ಇಲ್ಲ.

"ಶುಕ್ರವಾರದೊಳಗೆ ಇದು ನಿಲ್ಲಲಿಲ್ಲ ಅಂದ್ರೆ ನಾಯಿನ ನಮ್ಮಣ್ಣನ ಇಟ್ಟಿಗೆ ಗೂಡಿಗೆ ಕಳಿಸ್ತೀನಿ. ಅಲ್ಲಿ ಸರಪಳೀಲಿ ಬಿದ್ದಿರ್ಲಿ."

ಬೋರಲಿಂಗ ಅಮಲ್ದಾರನ ಮುಖ ನೋಡಿದ. ಅಮಲ್ದಾರ ಬೋರಲಿಂಗನ ಮುಖ ನೋಡಿತು.

ಸೋಮವಾರ ನಾಯಿ ಹಪ್ಪಳಕ್ಕೆಂದು ತಂದಿಟ್ಟಿದ್ದ ಉದ್ದಿನಬೇಳೆ ಮೂಟೆಯ ಹತ್ತಿರ ಹೋಯಿತು, ಒಂದು ಮೂಲೆ ಒದ್ದೆ ಮಾಡಿತು. ಬೋರಲಿಂಗ ಈ ಸಲ ನೋಡುತ್ತಾ ಕೂರಲಿಲ್ಲ. ಮೂಟೆಯ ಬಾಯಿ ಬಿಚ್ಚಿದ. ಒಂದು ಕೊಡ, ಎರಡು ಕೊಡ, ಮೂರು ಕೊಡ, ನಾಲ್ಕು ಕೊಡ ನೀರು ಹೊಯ್ದ. ಪರಕೆ ಒಳಗೆ ತೂರಿಸಿ ಗಸಗಸ ತಿಕ್ಕಿದ. ಕೆಂಪಾಜಮ್ಮ ಬರುವ ಹೊತ್ತಿಗೆ ಬೇಳೆ ಊದಿ ಮೂಟೆ ಬಸುರಿಯ ಹಾಗೆ ಕೂತಿತ್ತು.

"ಲೋ ಬೋರ! ಒಂದು ಮೂಲೆ ಒದ್ದೆಯಾಗಿದ್ದಕ್ಕೆ ಮೂಟೆಯೆಲ್ಲ ನೆನೆಸಿದೆಯೇನೋ!"

"ನಾಲ್ಕೇ ಕೊಡ ಕಣವ್ವಾ. ಐದು ಹುಯ್ಲಿಲ್ಲ."

"ಅಯ್ಯೋ ನನ್ನ ಕರ್ಮವೇ! ಇಂಥದ್ದಕ್ಕೆ ನೀರು ಹುಯ್ತಾರಾ? ಎತ್ಕೊಂಡು ಹೋಗಿ ಅಂಗಳದಲ್ಲಿ ಚಾಪೆ ಮೇಲೆ ಬಿಸಿಲಿಗೆ ಹರಡಬೇಕು. ಗಾಳಿಗೆ ಹಾರದ ಹಾಗೆ ಮೂಲೆಮೂಲೆಗೆ ಕಲ್ಲಿಡಬೇಕು. ಕಾಗೆ ಬರದ ಹಾಗೆ ಕೋಲು ಹಿಡ್ಕೊಂಡು ಕಾಯಬೇಕು. ಒಂದು ಮಗ್ಗುಲು ಒಣಗಿದ ಮೇಲೆ ಮಗುಚಬೇಕು!"

"ಆಗ್ಲಿ ಕಣವ್ವಾ. ಮುಂದಿನ ಸಲ ಹಂಗೇ ಮಾಡ್ತೀನಿ."

ಬೇಳೆ ಎಮ್ಮೆಯ ಪಾಲಾಯಿತು. ಕೆಂಪಾಜಮ್ಮ ಬೇರೆ ಬೇಳೆ ತಂದು ಅಟ್ಟದ ಮೇಲೆ ಇಟ್ಟಳು.

ಮಂಗಳವಾರ ಬೋರಲಿಂಗನ ಸೋದರತ್ತೆ ಬಂದಳು. ದ್ಯಾವೀರಮ್ಮ ಅಂತ. ವಯಸ್ಸು ಎಪ್ಪತ್ತು, ತೂಕ ಒಂದು ಹಿಡಿ, ಬಾಯಿ ಮಾತ್ರ ಊರಗಲ. ಮಧ್ಯಾಹ್ನ ಉಂಡು ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದಳು. ಅಮಲ್ದಾರ ಬಂತು. ಅತ್ತೆಯ ಸೆರಗಿನ ಮೇಲೆ ಹೊಯ್ದು ಹೋಯಿತು.

ಬೋರಲಿಂಗ ನೀರು ಹೊಯ್ದನೇ? ಇಲ್ಲ. ಅಷ್ಟು ಪೆದ್ದನೇ ಅವನು? ಚಾಪೆ ಸಮೇತ ಅತ್ತೆಯನ್ನು ಎತ್ತಿಕೊಂಡ. ಅಂಗಳಕ್ಕೆ ತಂದು ಬಿಸಿಲಿಗೆ ಹರಡಿದ. ಸೀರೆಯ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟ. ಕೋಲು ಹಿಡಿದು ಪಕ್ಕದಲ್ಲಿ ಕೂತ.

ಅತ್ತೆಗೆ ಎಚ್ಚರವಾಯಿತು. ಮೇಲೆ ಸೂರ್ಯ, ಕೆಳಗೆ ಕಾದ ನೆಲ, ಏಳಲು ಹೋದರೆ ಸೀರೆ ಬರುವುದಿಲ್ಲ!

"ಯಾರ್ರೋ ಅದು! ನಾನು ಸತ್ತೋದ್ನೇನ್ರೋ!"

"ಇಲ್ಲ ಕಣತ್ತೆ, ಒಣಗ್ತಿದ್ದೀಯ. ಅಲ್ಲಾಡಬೇಡ."

"ಕೆಂಪಾಜೀ!"

"ಉಶ್! ಕಿರುಚಿದ್ರೆ ಕಾಗೆ ಬರ್ತವೆ. ಈ ಮಗ್ಗುಲು ಆಯ್ತು ಅನ್ಸುತ್ತೆ. ಮಗುಚ್ಲಾ?"

ಮಗುಚಿಯೇ ಬಿಟ್ಟ. ಬೀದಿಯ ಅರ್ಧ ಜನ ಬೇಲಿಯ ಹತ್ತಿರ ನಿಂತು ನೋಡಿದರು, ಇನ್ನರ್ಧ ಜನ ಅವರ ಬಾಯಲ್ಲಿ ಕೇಳಿದರು. ಕೆಂಪಾಜಮ್ಮ ಓಡಿಬಂದು ಕಲ್ಲು ಕಿತ್ತು ಅತ್ತಿಗೆಯನ್ನು ಎಬ್ಬಿಸಿದಳು.

"ಅಯ್ಯೋ ನನ್ನ ಕರ್ಮವೇ! ಬಂದ ನೆಂಟರನ್ನ ಒಣಗಿಸ್ತಾರೇನೋ! ಕೈ ಮುಗಿದು ತಪ್ಪಾಯ್ತು ಅನ್ನಬೇಕು. ಉಡೋಕೆ ಒಣಗಿದ ಸೀರೆ ಕೊಡಬೇಕು. ಬಿಸಿಬಿಸಿ ಕಾಫಿ ಕೊಡಬೇಕು!"

"ಆಗ್ಲಿ ಕಣವ್ವಾ. ಮುಂದಿನ ಸಲ ಹಂಗೇ ಮಾಡ್ತೀನಿ."

ಅತ್ತೆ ಕಾಫಿ ಕುಡಿದಳು, ಗಂಟು ಕಟ್ಟಿದಳು. ಬಸ್ಸು ಹತ್ತುವ ಮೊದಲು ಒಂದು ಮಾತು ಹೇಳಿದಳು. "ಎಂಟು ವರ್ಷ ಬೇಲಿಗೆ ಹೋದ ನಾಯಿ ಈಗ ಮನೆಯೊಳಗೆ ಹೊಯ್ತದೆ ಅಂದ್ರೆ ಅದಕ್ಕೇನೋ ಬೇನೆ ಕಣೆ. ಅದಕ್ಕೆ ಔಷಧಿ ಇದ್ದೀತು. ನಿನ್ನ ಮಗನಿಗೆ ಇಲ್ಲ." ಬಸ್ಸು ಹೊರಟಿತು.

ಬುಧವಾರ ನಾಯಿ ಹಿತ್ತಾಳೆ ಹಂಡೆಗೆ ಕಾಲೆತ್ತಿತು. ಶುಕ್ರವಾರ ಹಿಟ್ಟು ಕಲಸುವ ನೀರಿಗೆ ಅಂತ ನಡುಮನೆಯ ಮೂಲೆಗೆ ತಂದಿಟ್ಟಿದ್ದ ಹಂಡೆ. ಬೋರಲಿಂಗ ಹಂಡೆಯ ಮುಂದೆ ನಿಂತು ಕೈ ಮುಗಿದ. "ತಪ್ಪಾಯ್ತು" ಅಂದ. ಹಂಡೆ ಏನೂ ಅನ್ನಲಿಲ್ಲ. ಇನ್ನೂ ಸಿಟ್ಟಿದೆ ಅಂದುಕೊಂಡು ಇನ್ನೊಂದು ಸಲ ಕೈ ಮುಗಿದ. ಪೆಟ್ಟಿಗೆ ತೆಗೆದು, ಅವ್ವ ಹಬ್ಬಕ್ಕೆ ಉಡುವ ಹಸಿರು ಸೀರೆ ತಂದು, ಹಂಡೆಗೆ ನಿರಿಗೆ ಹಿಡಿದು ಉಡಿಸಿದ. ಒಂದು ಚೊಂಬು ಕಾಫಿ ಕಾಯಿಸಿ ಒಳಕ್ಕೆ ಹೊಯ್ದ.

"ಸಕ್ಕರೆ ಸಾಕಾ?" ಅಂತಲೂ ಕೇಳಿದ.

ಕೆಂಪಾಜಮ್ಮ ಬಾಗಿಲಲ್ಲಿ ನಿಂತಳು. ಕತ್ತಲೆ ಮೂಲೆಯಲ್ಲಿ ಯಾರೋ ದಪ್ಪ ಹೆಂಗಸು ತನ್ನ ಸೀರೆ ಉಟ್ಟು ಕೂತಿದ್ದಾಳೆ. "ಯಾರವ್ವಾ ನೀನು?" ಅಂದಳು. ಹತ್ತಿರ ಹೋಗಿ ನೋಡಿದಳು.

"ಅಯ್ಯೋ ನನ್ನ ಕರ್ಮವೇ! ಹಿತ್ತಾಳೆಗೆ ಸೀರೆ ಉಡಿಸ್ತಾರಾ? ಹುಣಸೆಹಣ್ಣು ಬೂದಿ ಹಾಕಿ, ಫಳಫಳ ಹೊಳೆಯೋವರೆಗೂ ತಿಕ್ಕಬೇಕು! ಹೊಳಪು ಬರೋವರೆಗೂ ಬಿಡಬಾರದು!"

"ಆಗ್ಲಿ ಕಣವ್ವಾ. ಮುಂದಿನ ಸಲ ಹಂಗೇ ಮಾಡ್ತೀನಿ."

"ಮುಂದಿನ ಸಲ ಅನ್ನಬೇಡ! ನಾಳೆ ಬೆಳಿಗ್ಗೆ ನಾಯಿನ ದನದ ಡಾಕ್ಟ್ರ ಹತ್ರ ಕರ್ಕೊಂಡು ಹೋಗು. ಅವರು ಹೇಳಿದ್ದನ್ನ ಹೇಳಿದ ಹಾಗೇ ಮಾಡು."

ಕೊನೆಯ ಮಾತು ಬಾಯಿ ತಪ್ಪಿ ಬಂತು.

ಗುರುವಾರ ಬೋರಲಿಂಗ ನಾಯಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದ. ಜೇಬಲ್ಲಿ ಹುಣಸೆಹಣ್ಣು, ಇನ್ನೊಂದು ಜೇಬಲ್ಲಿ ಬೂದಿ. ಡಾಕ್ಟರು ಅಮಲ್ದಾರನನ್ನು ಮೇಜಿನ ಮೇಲೆ ನಿಲ್ಲಿಸಿ ಹೊಟ್ಟೆ ಅಮುಕಿದರು. ನಾಯಿ ಕುಂಯ್ ಅಂತು. ಡಾಕ್ಟರ ಪ್ಯಾಂಟು ಒದ್ದೆಯಾಯಿತು.

ಬೋರಲಿಂಗ ಮಂಡಿಯೂರಿ ಕೂತು ಡಾಕ್ಟರ ಕಾಲು ಹಿಡಿದುಕೊಂಡ. ಹುಣಸೆಹಣ್ಣು ಹಚ್ಚಿದ, ಬೂದಿ ಹಾಕಿದ, ತಿಕ್ಕಿದ.

"ಏಯ್! ಏನಯ್ಯಾ ಇದು! ಬಿಡಯ್ಯಾ ಕಾಲು!"

"ಹೊಳಪು ಬರೋವರೆಗೂ ಬಿಡಬಾರದಂತೆ ಸಾರ್."

"ಪ್ಯಾಂಟು ಕಣಯ್ಯಾ ಅದು!"

"ಅದಕ್ಕೇ ಇನ್ನೂ ಬಂದಿಲ್ಲ ಸಾರ್. ಜೋರಾಗಿ ತಿಕ್ಕಬೇಕು."

ಆಸ್ಪತ್ರೆಯ ಆಳುಗಳಿಬ್ಬರು ಬಂದು ಎಳೆದ ಮೇಲೆ ಬಿಟ್ಟ. ಡಾಕ್ಟರು ಒಳ್ಳೆಯವರು. ಕೈ ತೊಳೆದರು, ಸೀಸೆಯಲ್ಲಿ ಉಚ್ಚೆ ಹಿಡಿದು ನೋಡಿದರು, ಬೆರಳೆತ್ತಿ ಹೇಳಿದರು.

"ಕೇಳಪ್ಪಾ. ನಾಯಿಗೆ ಕೊಬ್ಬಲ್ಲ ಇದು, ಕಾಯಿಲೆ. ಮೂತ್ರಕೋಶಕ್ಕೆ ಸೋಂಕಾಗಿದೆ. ಉರಿ ಅದಕ್ಕೆ, ತಡ್ಕೊಳ್ಳೋಕೆ ಆಗಲ್ಲ. ಹತ್ತು ದಿನ ಎರಡು ಹೊತ್ತು ಮಾತ್ರೆ ಕೊಡು. ನೀರು ಧಾರಾಳವಾಗಿ ಕುಡೀಲಿ. ಆಗಾಗ ಹಿತ್ತಲಿಗೆ ಕರ್ಕೊಂಡು ಹೋಗು. ನಡುವೆ ಒಳಗೆ ಆಗಿಬಿಟ್ರೆ ಹೊಡೀಬೇಡ, ಬೈಬೇಡ. ಹೊರಗೆ ಕಟ್ಟಿಹಾಕ್ಬೇಡ. ದಿನಾ ಎಲ್ಲಿ ಮಲಗುತ್ತೋ ಅಲ್ಲೇ ಮಲಗ್ಲಿ."

"ಆಗ್ಲಿ ಸಾರ್. ಹಂಗೇ ಮಾಡ್ತೀನಿ."

"ಮತ್ತೆ ನನ್ನ ಪ್ಯಾಂಟು ಮುಟ್ಟಬೇಡ."

"ಆಗ್ಲಿ ಸಾರ್."

ಮನೆಗೆ ಬಂದು ಒಂದಕ್ಷರ ಬಿಡದೆ ಒಪ್ಪಿಸಿದ, ಪ್ಯಾಂಟಿನ ಮಾತೂ ಸೇರಿಸಿ. ಕಾಯಿಲೆ ಅಂತ ಕೇಳಿ ಕೆಂಪಾಜಮ್ಮನಿಗೂ ಪಾಪ ಅನ್ನಿಸಿತು. ನಾಯಿಗೆ ಅವಳೇ ಒಂದು ಹಿಡಿ ಮೊಸರನ್ನ ಕಲಸಿ, ಮಾತ್ರೆ ಅಡಗಿಸಿ ತಿನ್ನಿಸಿದಳು. ಆದರೆ ನಾಳೆ ಬರುವ ಹತ್ತು ಹೆಂಗಸರಿಗೂ ಪಾಪ ಅನ್ನಿಸಬೇಕಲ್ಲ?

"ಹತ್ತು ದಿನಾನಾ? ನಾಳೇನೇ ಶುಕ್ರವಾರ ಕಣೋ! ನೋಡು ಬೋರ, ಬೇರೇನೂ ಕೇಳಲ್ಲ ನಾನು. ನಾಳೆ ಈ ಸೂರಿನ ಕೆಳಗೆ ಒಂದು ಹನಿ ಬೀಳಬಾರದು. ಒಂದೇ ಒಂದು ಹನಿ ಬಿತ್ತಾ, ನಾಡಿದ್ದು ನಾಯಿ ಗೂಡಿಗೆ. ಬೀಳಲಿಲ್ವಾ, ಇಲ್ಲೇ ಇರ್ಲಿ, ವಾಸಿ ಮಾಡೋಣ."

ಈ ಸಲ ಬೋರಲಿಂಗ ತಕ್ಷಣ ಆಗಲಿ ಅನ್ನಲಿಲ್ಲ. ಮೊದಲ ಸಲ ಯೋಚನೆ ಮಾಡಿದ. ಹೊರಗೆ ಕಟ್ಟಬಾರದು ಅಂತ ಡಾಕ್ಟರು. ಸೂರಿನ ಕೆಳಗೆ ಹನಿ ಬೀಳಬಾರದು ಅಂತ ಅವ್ವ. ನಾಯಿ ನಡುಮನೆ ಬಿಡುವ ಹಾಗಿಲ್ಲ, ಉಚ್ಚೆ ನಿಲ್ಲುವ ಹಾಗಿಲ್ಲ. ಯೋಚಿಸಿ ಯೋಚಿಸಿ ತಲೆಯೆತ್ತಿ ಮೇಲೆ ನೋಡಿದ.

"ಆಗ್ಲಿ ಕಣವ್ವಾ," ಅಂದ. ಮುಖ ಅರಳಿತ್ತು.

ಶುಕ್ರವಾರ ಬೆಳಗಾಗುತ್ತಲೇ ಕೆಂಪಾಜಮ್ಮ ಬೇಳೆ ಹೊತ್ತು ಹಿಟ್ಟಿನ ಗಿರಣಿಗೆ ಹೋದಳು. ಗಿರಣಿಯಲ್ಲಿ ಸಾಲು. ಹಿಟ್ಟು ಆಗಿ, ದಾರಿಯಲ್ಲಿ ಒಬ್ಬೊಬ್ಬರನ್ನೇ ಕೂಗಿ ಕರೆದುಕೊಂಡು, ಮಣೆ ಲಟ್ಟಣಿಗೆ ಹಿಡಿದ ಹತ್ತು ಹೆಂಗಸರ ಮುಂದೆ ತಲೆಯ ಮೇಲೆ ಹಿಟ್ಟಿನ ಡಬ್ಬ ಇಟ್ಟುಕೊಂಡು ಮನೆಗೆ ಬಂದಳು. ಅಂಗಳದ ತುಂಬ ಹೆಂಚು, ಸಾಲುಸಾಲಾಗಿ ಜೋಡಿಸಿಟ್ಟಿದೆ. ಒಂದೂ ಒಡೆದಿಲ್ಲ. ಬಾಗಿಲು ತೆರೆದರೆ ನಡುಮನೆಯಲ್ಲಿ ಬಿಸಿಲು. ತಲೆಯೆತ್ತಿದರೆ ನೀಲಿ ಆಕಾಶ, ಅದರಲ್ಲೊಂದು ಹದ್ದು.

ಬರೀ ತೊಲೆಯ ಮೇಲೆ ಬೋರಲಿಂಗ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದ.

ಅಮಲ್ದಾರ ತನ್ನ ಜಾಗದಿಂದ ಎದ್ದಿತು. ನಡುಮನೆಯ ಮಧ್ಯಕ್ಕೆ ಬಂತು. ಹತ್ತು ಹೆಂಗಸರ ಕಣ್ಣೆದುರಿಗೆ ಧಾರಾಳವಾಗಿ ಹೊಯ್ದಿತು.

"ನೋಡವ್ವಾ!" ಮೇಲಿಂದ ಬೋರಲಿಂಗ ಕೂಗಿದ. "ಸೂರಿನ ಕೆಳಗೆ ಒಂದು ಹನಿ ಇಲ್ಲ!"

ಆ ಹತ್ತರಲ್ಲಿ ಹಿರಿಯಳಾದ ಚಿಕ್ಕತಾಯಮ್ಮ ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದಳು, ಕೆಳಗೆ ನೋಡಿದಳು. "ಸೂರಿಲ್ಲದ ಮೇಲೆ ಇದು ಅಂಗಳ ಕಣೆ ಕೆಂಪಾಜಿ. ಅಂಗಳದಲ್ಲಿ ನಾಯಿ ಹೊಯ್ದ್ರೆ ನಾವ್ಯಾಕೆ ಕೇಳೋಣ? ನಡೀರೇ, ನಮ್ಮನೇಲಿ ಕೂತು ಇವಳ ಹಿಟ್ಟು ಲಟ್ಟಿಸೋಣ. ಸರದಿ ಸರದೀನೇ." ಅಷ್ಟು ಹೇಳಿ ನಗಲು ಶುರು ಮಾಡಿದವಳು ಬೀದಿ ದಾಟಿದರೂ ನಿಲ್ಲಿಸಲಿಲ್ಲ. ಹಿಂದಿನಿಂದ ಉಳಿದವರೂ.

ಕೆಂಪಾಜಮ್ಮ ಹೊಸಿಲ ಮೇಲೆ ಕುಸಿದು ಕೂತಳು. ಅಮಲ್ದಾರ ಬಂದು ಅವಳ ಕಾಲ ಹತ್ತಿರ ಮಲಗಿತು.

"ಗೂಡಿಗೆ ಕಳಿಸ್ತೀಯೇನವ್ವಾ?" ಮೇಲಿನ ದನಿ ಸಣ್ಣದಾಗಿತ್ತು.

"ಇಲ್ಲ ಕಣಪ್ಪಾ. ಮಾತು ಕೊಟ್ಟಿದ್ದೀನಿ. ನಾಯಿ ಇಲ್ಲೇ ಇರ್ಲಿ." ಅವಳು ಸೆರಗಲ್ಲಿ ಮುಖ ಒರೆಸಿಕೊಂಡಳು. "ಅಡುಗೆಮನೆ ಮೇಲಾದ್ರೂ ಹೆಂಚು ಉಳಿಸಿದ್ದೀಯಲ್ಲ, ಅಷ್ಟೇ ನನ್ನ ಪುಣ್ಯ."

ಬೋರಲಿಂಗ ಹಣೆ ಚಚ್ಚಿಕೊಂಡ.

"ಅಯ್ಯೋ, ಅದು ಮರೆತೇಹೋಗಿತ್ತು ಕಣವ್ವಾ! ತಾಳು, ಇದೋ ಬಂದೆ," ಅಂತ ತೊಲೆಯ ಮೇಲೆ ಅಡುಗೆಮನೆ ಕಡೆಗೆ ತೆವಳಿದ.